ಮಣಿಕಟ್ಟಿನ ಗುರುತು

ವೃದ್ಧರ ಆರೈಕೆ ಕೇಂದ್ರದಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಫಿಸಿಯೋಥೆರಪಿಸ್ಟ್ ಎನ್ನಲು ಹಲ್ಲಿಲ್ಲದ ಬಾಯಿಗಳಿಗೆ ಕಷ್ಟ, ಹಾಗಾಗಿ ಅವನು ಎಲ್ಲರಿಗೂ ‘ಕೈಕಾಲು ಮೇಷ್ಟ್ರು’. ಮರಗಟ್ಟಿದ ಭುಜ ಎತ್ತಿಸುವುದು, ಮಡಚಿಕೊಂಡ ಮೊಣಕಾಲು ಬಿಡಿಸುವುದು, ಲಕ್ವ ಹೊಡೆದ ಬೆರಳುಗಳಿಗೆ ಸ್ಪಂಜಿನ ಚೆಂಡು ಹಿಡಿಸುವುದು ಅವನ ಕೆಲಸ. “ಇನ್ನೊಂದೇ ಸಲ” ಎಂದು ಹೇಳಿ ಸುಸ್ತಾಗುವ ತನಕ ಮಾಡಿಸುವ ಸುಳ್ಳುಗಾರ ಎಂದು ಮುದುಕರೆಲ್ಲ ಅವನನ್ನು ಗೇಲಿ ಮಾಡುತ್ತಿದ್ದರು.

ಅವನ ಅತ್ತೆಯೂ ಅಲ್ಲೇ, ಹೆಂಗಸರ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದರು. ಸೊಂಟದ ಮೂಳೆ ಮುರಿದು ಮನೆಯಲ್ಲಿ ನೋಡಿಕೊಳ್ಳುವುದು ಕೈಮೀರಿದಾಗ, ಕಾದು ಕುಳಿತವರನ್ನೆಲ್ಲ ದಾಟಿಸಿ ಆ ಹಾಸಿಗೆ ಕೊಡಿಸಿದವರು ಕೇಂದ್ರದ ಉಸ್ತುವಾರಿ ನೋಡುವ ಮೇಟ್ರನ್. ಆ ಉಪಕಾರದ ಭಾರ ಮೇಷ್ಟ್ರ ಹೆಗಲ ಮೇಲೆ ಸದಾ ಇರುತ್ತಿತ್ತು.

ಗಂಡಸರ ವಾರ್ಡಿನಲ್ಲಿ ಒಬ್ಬ ಡ್ರೈವರ್ ತಾತ ಇದ್ದರು. ಜೀವಮಾನವೆಲ್ಲ ಬಸ್ಸು ಓಡಿಸಿದವರು. ಬೆಳಗಿನ ಹೊತ್ತು ನೆಟ್ಟಗೇ ಮಾತಾಡುತ್ತಿದ್ದರು. ಊಟವಾದ ಮೇಲೆ ಮಾತ್ರ ಮನಸ್ಸು ಎಲ್ಲೋ ಜಾರಿ, “ಗಾಡಿ ತೆಗೀಬೇಕು, ಪ್ಯಾಸೆಂಜರು ಕಾಯ್ತಿದ್ದಾರೆ” ಎನ್ನುತ್ತಾ ಗೇಟಿನ ಕಡೆ ಹೊರಟುಬಿಡುತ್ತಿದ್ದರು.

ಒಂದು ಬೆಳಿಗ್ಗೆ ವ್ಯಾಯಾಮಕ್ಕೆಂದು ತಾತನ ತೋಳು ಮಡಚಿದಾಗ ಮೇಷ್ಟ್ರಿಗೆ ಕಂಡಿತು. ಎರಡೂ ಮಣಿಕಟ್ಟಿನ ಸುತ್ತ ಬಳೆ ತೊಟ್ಟ ಹಾಗೆ ಕೆಂಪು ಗುರುತು. ಒಂದು ಕಡೆ ಚರ್ಮ ಸುಲಿದಿತ್ತು.

“ಇದೇನು ತಾತ?”

“ಎಲ್ಲೋ ತಾಗಿರ್ಬೇಕು.”

“ಎರಡೂ ಕೈಗೆ ಒಂದೇ ಥರ ತಾಗುತ್ತಾ?”

ತಾತ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಮಧ್ಯಾಹ್ನ ಮಂಚಕ್ಕೆ ಕಟ್ಟಾಕ್ತಾಳೆ. ನೀವು ಯಾರಿಗೂ ಹೇಳ್ಬೇಡಿ ಮೇಷ್ಟ್ರೇ. ನೀವು ಸಂಜೆ ಮನೆಗೆ ಹೋಗ್ತೀರ. ನಾನು ಇಲ್ಲೇ ಇರ್ಬೇಕು.”

ಮಧ್ಯಾಹ್ನ ಆ ವಾರ್ಡಿಗಿದ್ದವಳು ಒಬ್ಬಳೇ ಆಯಾ, ದಪ್ಪ ಜಡೆಯ ಗಟ್ಟಿಗಿತ್ತಿ. ಬೆಳಿಗ್ಗೆ ಹೆಂಗಸರ ವಾರ್ಡಿನಲ್ಲೂ ಅವಳೇ, ಅತ್ತೆಗೂ ಅವಳೆಂದರೆ ಪ್ರಾಣ. ಮೇಷ್ಟ್ರು ತಾತನ ಕೈ ಮೆಲ್ಲಗೆ ಹಾಸಿಗೆಯ ಮೇಲಿಟ್ಟ. ನೇರ ಮೇಟ್ರನ್ ಕೋಣೆಗೆ ಹೋದ.

ಮೇಟ್ರನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕಟ್ಟದೇ ಬಿಟ್ರೆ ರಸ್ತೆಗೆ ಹೋಗ್ತಾರೆ. ಲಾರಿ ಕೆಳಗೆ ಸಿಕ್ಕಿದ್ರೆ ನೀವು ಬರ್ತೀರಾ ಉತ್ತರ ಕೊಡೋಕೆ?”

“ಡಾಕ್ಟರು ಹೇಳಿದ್ದಾರಾ ಕಟ್ಟಿ ಅಂತ?”

“ನಾನು ವಿಚಾರಿಸ್ತೀನಿ ಬಿಡಿ. ಇದು ಮನೆ ವಿಷಯ ಇದ್ದ ಹಾಗೆ, ಹೊರಗೆ ಹೋಗೋದು ಬೇಡ. ನಿಮ್ಮತ್ತೆ ಚೆನ್ನಾಗಿದ್ದಾರಲ್ಲ?”

ಕೊನೆಯ ಮಾತನ್ನು ಅವರು ನಗುತ್ತಲೇ ಹೇಳಿದರು. ಆದರೂ ಅದು ಹಾಸಿಗೆಯ ಉಪಕಾರ ನೆನಪಿಸಿದ ಹಾಗಿತ್ತು.

ಹೇಳಬೇಕಾದವರಿಗೆ ಹೇಳಿಯಾಯಿತು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಆಗಲಿಲ್ಲ. ಹಿಂದೊಮ್ಮೆ ತರಬೇತಿಗೆ ಬಂದಿದ್ದ ವೃದ್ಧರ ರಕ್ಷಣಾ ಇಲಾಖೆಯ ಅಧಿಕಾರಿಣಿಯ ಮಾತು ತಲೆಯೊಳಗೆ ಗುಂಯ್‌ಗುಡುತ್ತಿತ್ತು. ಡಾಕ್ಟರು, ನರ್ಸು, ಆಯಾ, ಫಿಸಿಯೋ, ಯಾರಿಗೇ ಅನುಮಾನ ಬಂದರೂ ಅವರೇ ಇಲಾಖೆಗೆ ತಿಳಿಸಬೇಕು, ಮೇಲಿನವರಿಗೆ ಹೇಳಿದೆವು ಎಂದರೆ ಮುಗಿಯುವುದಿಲ್ಲ, ಸುಮ್ಮನಿದ್ದರೆ ಅದೇ ಅಪರಾಧ ಎಂದಿದ್ದರು ಆಕೆ. ಪುರಾವೆ ಹುಡುಕುವುದು ನಮ್ಮ ಕೆಲಸ, ನಿಮ್ಮದಲ್ಲ ಎಂದೂ ಹೇಳಿದ್ದರು. ಅವತ್ತು ಅವನು ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸಿದ್ದ.

ಮನೆಯಲ್ಲಿ ಹೆಂಡತಿ ಚಪಾತಿ ಲಟ್ಟಿಸುತ್ತಿದ್ದವಳು ಎಲ್ಲ ಕೇಳಿ ಲಟ್ಟಣಿಗೆ ಕೆಳಗಿಟ್ಟಳು.

“ಅಮ್ಮನ್ನ ಹೊರಗೆ ಹಾಕಿದ್ರೆ ಏನ್ರೀ ಮಾಡೋದು? ಹೊರಗೆ ಹಾಕೋದೂ ಬೇಡ, ಕರೆದಾಗ ಯಾರೂ ಬರದೇ ಇದ್ರೆ ಸಾಕಲ್ಲ.”

“ನನಗೂ ಅದೇ ಭಯ.”

“ಒಂದೆರಡು ದಿನ ನೋಡಿ.”

ಅವನು ನೋಡಿದ. ಮಾರನೆಯ ದಿನ ಮಧ್ಯಾಹ್ನ ಏನೋ ನೆಪ ಮಾಡಿಕೊಂಡು ವಾರ್ಡಿಗೆ ಹೋದರೆ, ತಾತನ ಎರಡೂ ಕೈಗಳನ್ನು ಹರಿದ ಬೆಡ್‌ಶೀಟಿನ ಪಟ್ಟಿಯಿಂದ ಮಂಚದ ಸರಳಿಗೆ ಬಿಗಿದಿದ್ದರು. ಬೆರಳುಗಳು ನೀಲಿಗಟ್ಟಿದ್ದವು. ಹಾಸಿಗೆ ಒದ್ದೆಯಾಗಿತ್ತು. ತಾತ ಗಾಡಿಯ ಸುದ್ದಿ ಎತ್ತಲಿಲ್ಲ, ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದರು. ಮೇಷ್ಟ್ರು ಗಂಟು ಬಿಚ್ಚಿ, ಬೆರಳಿಗೆ ಬಣ್ಣ ಮರಳುವ ತನಕ ಉಜ್ಜಿದ. ಆಮೇಲೆ ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಮರೆಯಲ್ಲಿ ನಿಂತು ಇಲಾಖೆಗೆ ಫೋನು ಮಾಡಿದ. ನೆಟ್ಟಗೆ ಹೇಳಬೇಕೆಂದುಕೊಂಡಿದ್ದ ಮಾತು ತೊದಲಿತು.

“ನನ್ನ ಹೆಸರು ಹೊರಗೆ ಬರುತ್ತಾ ಮೇಡಂ?”

“ನಾವು ಯಾರಿಗೂ ಹೇಳಲ್ಲ. ಅವರು ಊಹೆ ಮಾಡ್ಕೊಂಡ್ರೆ ಅದನ್ನ ತಡೆಯೋಕಾಗಲ್ಲ” ಎಂದಿತು ಆ ಕಡೆಯ ದನಿ.

ಹಾಗೇ ಆಯಿತು. ಅಧಿಕಾರಿಣಿ ಹೇಳದೆ ಕೇಳದೆ ಬಂದು, ವಾರ್ಡು ಸುತ್ತಿ, ತಾತನ ಕೈಯ ಫೋಟೋ ತೆಗೆದುಕೊಂಡು ಹೋದ ದಿನದಿಂದ ಮೇಷ್ಟ್ರು ಚಹಾದ ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಮೇಟ್ರನ್ ಎದುರು ಸಿಕ್ಕರೂ ಗೋಡೆ ನೋಡಿಕೊಂಡು ಹೋಗುತ್ತಿದ್ದರು. ಫೋನು ರಿಂಗಾದಾಗಲೆಲ್ಲ ಅತ್ತೆಗೇನೋ ಆಯಿತೆಂದುಕೊಂಡೇ ಅವನು ಎತ್ತುತ್ತಿದ್ದ. ಹೆಂಡತಿ ಊಟಕ್ಕೆ ಮುಂಚೆ ಕೇಳುವ ಮೊದಲ ಪ್ರಶ್ನೆ, “ಅಮ್ಮನ್ನ ಮಾತಾಡಿಸಿದ್ರಾ?”

ವಿಚಾರಣೆ ಮುಗಿದು ಆದೇಶ ಬಂತು. ಆಯಾಳನ್ನು ಕೆಲಸದಿಂದ ತೆಗೆದರು. ಒಂದಿಡೀ ವಾರ್ಡನ್ನು ಒಬ್ಬಳ ತಲೆಗೆ ಕಟ್ಟಿದ್ದಕ್ಕೆ, ಗೊತ್ತಿದ್ದೂ ತಿಳಿಸದಿದ್ದದ್ದಕ್ಕೆ ಮೇಟ್ರನ್ ಮೇಲೆ ಮೊಕದ್ದಮೆಯಾಯಿತು. ಮಧ್ಯಾಹ್ನದ ಪಾಳಿಗೆ ಇನ್ನಿಬ್ಬರು ಬಂದರು. ಅವರಲ್ಲೊಬ್ಬರು ಊಟವಾದ ಮೇಲೆ ತಾತನ ತೋಳು ಹಿಡಿದು ಅಂಗಳ ಸುತ್ತಿಸುತ್ತಾರೆ. ಒಮ್ಮೆ ತಾತ ಎಡವಿ ಬಿದ್ದು ಮೊಣಕೈ ತರಚಿಕೊಂಡಾಗ ಮೇಷ್ಟ್ರಿಗೆ ಆ ದಿನವಿಡೀ ಅನ್ನ ಇಳಿಯಲಿಲ್ಲ.

ಅತ್ತೆಗೆ ಮಾತ್ರ ಸಿಟ್ಟು. “ಆ ಹುಡುಗಿ ನನ್ನನ್ನ ಮಗ್ಗುಲು ಹೊರಳಿಸಿದ್ರೆ ಒಂಚೂರೂ ನೋಯ್ತಿರ್ಲಿಲ್ಲ. ಈಗ ಬಂದವಳು ಮೂಟೆ ಉರುಳಿಸಿದ ಹಾಗೆ ಉರುಳಿಸ್ತಾಳೆ.”

“ಆ ತಾತನ ಕೈ ನೀವು ನೋಡ್ಬೇಕಿತ್ತು ಅತ್ತೆ.”

ಅತ್ತೆ ಹೊದಿಕೆಯ ಅಂಚು ಎಳೆದುಕೊಂಡರು. “ಮಧ್ಯಾಹ್ನ ಗೋಡೆಯಾಚೆ ಅಳೋ ಸದ್ದು ಕೇಳ್ತಿತ್ತು ಅಳಿಯಂದ್ರೇ” ಎಂದರು. “ಟಿವಿ ಇರ್ಬೇಕು ಅಂದ್ಕೊಂಡು ಮಲಗ್ತಿದ್ದೆ.”

ಅವನು ಅವರ ತೋಳು ಎತ್ತಿ ವ್ಯಾಯಾಮ ಶುರುಮಾಡಿದ. ರವಿಕೆಯ ತೋಳು ಸರಿಸಿ ಮಣಿಕಟ್ಟಿನಿಂದ ಭುಜದವರೆಗೂ ಕಣ್ಣಾಡಿಸಿದ. ದಿನವೂ ಹೀಗೆಯೇ, ಅವರಿಗೆ ಗೊತ್ತಾಗುವುದಿಲ್ಲವೆಂದುಕೊಂಡಿದ್ದ.

“ಹುಡುಕಿ ಮುಗೀತಾ?” ಎಂದರು ಅತ್ತೆ. “ಮುಗಿದಿದ್ರೆ ಕಾಲು ಹಿಡೀರಿ, ಜೋಮು ಹತ್ತಿದೆ.”