ರಿವರ್ಸ್ ಗೇರಿನಲ್ಲಿ ತವರಿಗೆ

ನನ್ನ ಗಂಡ ಧೂಳಪ್ಪ ದೇವರ ಹಿಪ್ಪರಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಮನುಷ್ಯ ಒಳ್ಳೆಯವನೇ, ಆದರೆ ತಲೆಯೊಳಗೆ ಒಂದು ಹೊಕ್ಕಿತೆಂದರೆ ಮುಗಿಯಿತು, ಉಂಡದ್ದೂ ನೆನಪಿರುವುದಿಲ್ಲ. ಎಪ್ಪತ್ನಾಲ್ಕರ ಸುಗ್ಗಿಗೆ ಮುಂಚೆ ಹಾಗೆ ಹೊಕ್ಕಿದ್ದು ಒಂದು ಹಳೆಯ ಪಿಕಪ್ ಗಾಡಿ. ಮಹಾಯುದ್ಧದ ಕಾಲದ್ದಂತೆ. ಯಾರದೋ ಹೊಲದಲ್ಲಿ ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಎತ್ತು ಹೂಡಿ ಎಳೆಸಿಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ.

ಇಂಜಿನ್ ಚಾಲೂ ಆಗುತ್ತಿತ್ತು, ಗಾಲಿ ಮಾತ್ರ ತಿರುಗುತ್ತಿರಲಿಲ್ಲ. ಇಂಜಿನ್ನಿನಿಂದ ಗಾಲಿಯವರೆಗೆ ಇದ್ದದ್ದನ್ನೆಲ್ಲ, ಕ್ಲಚ್ಚು, ಗೇರ್ ಬಾಕ್ಸು, ಉದ್ದನೆಯ ಶಾಫ್ಟು, ಹಿಂದಿನ ಅಚ್ಚಿನ ನಡುವಿನ ಹಲ್ಲುಚಕ್ರದ ಡಬ್ಬಿ, ಎಲ್ಲ ಬಿಚ್ಚಿ ನನ್ನ ಹೊಸ ಕೌದಿಯ ಮೇಲೆ ಹರವಿದ. ನಾನು ಬೈದೆ, ಮಾತು ಬಿಟ್ಟೆ. ಅವನು ಒಂದೊಂದು ಹಲ್ಲನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು, ತನ್ನಷ್ಟಕ್ಕೆ ತಾನೇ ನಗುತ್ತಿದ್ದ. ಇಂಥವನ ಮೇಲೆ ಸಿಟ್ಟಾದರೂ ಎಷ್ಟು ಹೊತ್ತು ಇಟ್ಟುಕೊಳ್ಳಲಿ?

ಕಾರಣ ನನಗೂ ಗೊತ್ತಿತ್ತು. ಕನ್ನೊಳ್ಳಿಗೆ ಮದುವೆ ಮಾಡಿಕೊಟ್ಟ ಅವನ ತಂಗಿ ಶೇವಂತೆವ್ವನನ್ನು ಹಿಂದಿನ ವರ್ಷ ಹೆರಿಗೆಗೆಂದು ಇವನೇ ಎತ್ತಿನ ಬಂಡಿಯಲ್ಲಿ ಕರೆತರುತ್ತಿದ್ದ. ದಾರಿಯ ಕುಲುಕಾಟದಲ್ಲಿ ಹೊಟ್ಟೆಯ ಕೂಸು ಹೋಯಿತು. ಈಗ ಅವಳಿಗೆ ಮತ್ತೆ ಏಳು ತಿಂಗಳು. ತವರಿಗೆ ಬರುವುದೇ ಇಲ್ಲ ಎಂದು ಕುಳಿತವಳು, ಅಣ್ಣ ಕುಲುಕದ ಗಾಡಿ ತರುತ್ತಾನೆ ಎಂದು ಹೇಳಿಕಳಿಸಿದ ಮೇಲೆ ಅರೆಮನಸ್ಸಿನಿಂದ ಒಪ್ಪಿದ್ದಳು. ಎಂಟು ಹಿಡಿದರೆ ಬಸುರಿಯನ್ನು ಊರು ದಾಟಿಸುವುದಿಲ್ಲ. ಸೋಮವಾರವೇ ಕಡೆಯ ದಿನ.

ರವಿವಾರ ಜೋಡಣೆ ಮುಗಿಯಿತು. ಒಂದನೇ ಗೇರ್ ಹಾಕಿದ. ಗಾಡಿ ಹಿಂದಕ್ಕೆ ಹೋಗಿ ಬಣವೆಗೆ ಗುದ್ದಿತು. ಎರಡನೆಯದು ಹಾಕಿದ, ಇನ್ನೂ ಜೋರಾಗಿ ಹಿಂದಕ್ಕೆ. ನಾನು ಬಾಯಿಗೆ ಸೆರಗು ಹಿಡಿದು ನಕ್ಕೆ. ಲಾರಿ ಓಡಿಸುವ ಖಾಜಾಸಾಬ ಬಂದು ಕೆಳಗೆ ನುಸುಳಿ ನೋಡಿದ.

"ಹಿಂದಿನ ಡಬ್ಬಿ ತಲಿಕೆಳಗ ಕೂಡಿಸೀಯಲ್ಲೋ ಧೂಳಪ್ಪ. ಅದಕ್ಕ ಗಾಲಿ ಉಲ್ಟಾ ತಿರಗತಾವ."

ಗಿರಣಿಯಲ್ಲಿ ಎಣ್ಣೆ ಬಿಡುವ ತೂತು ಯಾವಾಗಲೂ ಮೇಲಿರುತ್ತದೆ. ಇಲ್ಲಿಯೂ ಹಾಗೇ ಇರಬೇಕೆಂದು ನಮ್ಮ ಜಾಣ ಡಬ್ಬಿಯನ್ನೇ ಮಗುಚಿ ಕೂರಿಸಿದ್ದ! ಮತ್ತೆ ಬಿಚ್ಚಿ ಜೋಡಿಸುವಷ್ಟರಲ್ಲಿ ಸೋಮವಾರ ದಾಟುತ್ತಿತ್ತು. ಅವನು ಗಾಲಿಗೆ ಒರಗಿ ನೆಲ ನೋಡುತ್ತ ಕುಳಿತ. ನನ್ನ ನಗು ಎಲ್ಲಿ ಹೋಯಿತೋ. ಹಾಗಾದರೆ ಹಿಂದೆ ಹೋಗುವ ಗೇರಿನಲ್ಲಿ ಇದು ಮುಂದೆ ಹೋಗಬೇಕಲ್ಲ, ಎಂದು ಕೇಳಿದೆ. ಹೋಗುತ್ತದೆ, ಆದರೆ ಮನುಷ್ಯ ನಡೆದಷ್ಟೇ ನಿಧಾನ ಎಂದ ಖಾಜಾಸಾಬ.

ಸೋಮವಾರ ನಸುಕಿನಲ್ಲೇ ಹೊರಟು ಅದೇ ಗೇರಿನಲ್ಲಿ ಹೋದೆವು. ಕನ್ನೊಳ್ಳಿಯಲ್ಲಿ ಶೇವಂತೆವ್ವ ಬಾಗಿಲ ಚೌಕಟ್ಟು ಬಿಡದೆ ನಿಂತಿದ್ದಳು.

"ಅಣ್ಣಾ, ಕುಲುಕೂದಿಲ್ಲ ಹೌದಿಲ್ಲೊ?"

ಧೂಳಪ್ಪ ಅವಳ ಕೈ ಹಿಡಿದು ಗಾಡಿಯ ಹಿಂಭಾಗದಲ್ಲಿ ಹುಲ್ಲಿನ ಮೇಲೆ ಕೂರಿಸಿದ. ತಿಂಗಳಿಂದ ಹೆದರಿ ಕಣ್ಣು ಮುಚ್ಚಿಲ್ಲ ಎಂದು ಅವಳ ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು.

ಆ ದಾರಿ ಈಗಲೂ ನನಗೆ ಕನಸಿನಲ್ಲಿ ಬರುತ್ತದೆ. ಎರಡೂ ಕಡೆ ಬಿಳಿಜೋಳದ ತೆನೆ, ನಡುನಡುವೆ ಹಳದಿ ಕುಸುಬೆ. ಇಂಜಿನ್ ಒಂದೇ ಸಮ ಗುಂಯ್‌ಗುಡುತ್ತಿತ್ತು. ಕುರಿಹಿಂಡು ನಮ್ಮನ್ನು ದಾಟಿ ಮುಂದೆ ಹೋಯಿತು. ಒಬ್ಬ ಮುದುಕಿ ತಲೆಯ ಮೇಲೆ ಹೊರೆ ಹೊತ್ತು ಬಹಳ ದೂರ ಪಕ್ಕದಲ್ಲೇ ನಡೆಯುತ್ತ, ನಮ್ಮ ಮನೆತನವನ್ನೆಲ್ಲ ವಿಚಾರಿಸಿ, ತನ್ನ ಹೊಲದ ದಾರಿ ಬಂದಾಗ ಹೊರಳಿದಳು. ಯಾವ ಗುಂಡಿ ಯಾವಾಗ ಬಂತೋ ತಿಳಿಯಲಿಲ್ಲ. ನೋಡಿದರೆ ಶೇವಂತೆವ್ವ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಅವಳ ಹೊಟ್ಟೆಯ ಮೇಲಿಟ್ಟ ನನ್ನ ಕೈಗೆ ಕೂಸು ಮೆಲ್ಲಗೆ ಒದೆಯಿತು. ನನಗೆ ಅಳು ಬಂತು.

ಸಂಜೆಗೆ ಊರು ಬಂತು, ನಮ್ಮ ಮನೆಯೂ ಬಂತು. ಗಾಡಿ ನಿಲ್ಲಲಿಲ್ಲ. ಕುಳಿತಲ್ಲೇ ಅವನ ಬೆನ್ನ ಹಿಂದಿನ ಗಾಜಿಲ್ಲದ ಕಿಂಡಿಯತ್ತ ಮುಖ ಹೊರಳಿಸಿ, ಮನೆ ದಾಟಿತು ಎಂದು ಗದರಿದೆ. ಧೂಳಪ್ಪ ತಿರುಗಲಿಲ್ಲ, ಕೆನ್ನೆ ತೊಯ್ದಿತ್ತು.

"ಮಲಗ್ಯಾಳ. ನಿಲ್ಲಿಸಿದ್ರ ಎಚ್ಚರಾಗತಾಳ."

ಹಾಗಾದರೆ ಊರಿಗೆ ಒಂದು ಸುತ್ತು ಹಾಕು ಎಂದು ನಾನೇ ಹೇಳಿದೆ.