ಗೌರಿಯೂ ಸರಸ್ವತಿಯೂ

“ಅದೂ ಆನೇ, ಇದೂ ಆನೇ!”

ಸಾಗರದ ಸಭಾಭವನದಲ್ಲಿ ವಂಶಾವಳಿ ಸಮಾವೇಶ ನಡೆಯುತ್ತಿತ್ತು. ಗೋಡೆಯ ಮೇಲೆ ಅಕ್ಕಪಕ್ಕದಲ್ಲಿದ್ದ ಎರಡು ಮನೆತನಗಳ ಚಾರ್ಟ್‌ಗಳಿಗೆ ಕೋಲು ತಾಗಿಸಿ ಅಪರಿಚಿತ ಅಜ್ಜಿಯೊಬ್ಬರು, ಎರಡೂ ತಾನೇ ಎಂದು ನಮ್ಮ ಕಡೆಯ ಮಾತಿನಲ್ಲಿ ಹೀಗೆಂದಾಗ, ಮಾರ್ಕರ್ ಹಿಡಿದು ನಿಂತಿದ್ದ ಸ್ವಯಂಸೇವಕಿ ನಾನು ತಬ್ಬಿಬ್ಬಾದೆ. ಅವರ ತವರಿನ ಚಾರ್ಟ್‌ನಲ್ಲಿ ‘ಗೌರಿ, ಮದುವೆಯ ನಂತರ ಮಾಹಿತಿ ಇಲ್ಲ’ ಎಂದಿತ್ತು. ಗಂಡನ ಮನೆಯದರಲ್ಲಿ ‘ಸರಸ್ವತಿ, ತವರು ಗೊತ್ತಿಲ್ಲ’ ಎಂದಿತ್ತು. ಮದುವೆಯ ದಿನ ಹೆಣ್ಣಿಗೆ ಹೊಸ ಹೆಸರಿಡುವ ಪದ್ಧತಿ ನಮ್ಮಲ್ಲಿ ಇತ್ತಲ್ಲ, ಅದರಿಂದಾಗಿ ಬದುಕಿರುವ ಒಬ್ಬರೇ ಎರಡೂ ಕಡೆ ಕಾಣೆಯಾಗಿದ್ದರು.

ಎರಡೂ ಚಾರ್ಟ್‌ನಲ್ಲಿ ಎರಡೂ ಹೆಸರು ಬರೆಯಬೇಕೆಂದು ಅಜ್ಜಿ ಹಟ ಹಿಡಿದರು. ಸಂಘಟಕರೊಬ್ಬರು ಬಂದು, “ಒಂದು ಹೆಸ್ರು ಸಾಕಲ್ವಾ ಅಮ್ಮಾ? ಜಾಗ ಇಲ್ಲ. ಊಟಕ್ಕೆ ಬನ್ನಿ” ಎಂದರು. ಅಜ್ಜಿ ಚಾರ್ಟ್‌ಗಳ ಮುಂದೆಯೇ ಕುರ್ಚಿ ಎಳೆದುಕೊಂಡು ಕುಳಿತು, ನನ್ನತ್ತ ತಿರುಗಿದರು.

“ಜಾಗ ಇಲ್ದಿದ್ರೆ ಹಾಳೆ ಅಂಟ್ಸು ಕೂಸೇ. ಬರೀದೇ ಆನು ಏಳ್ತ್ನಿಲ್ಲೆ.”

ಗೋಂದು ಹುಡುಕಿದರೆ ಸಿಗಲಿಲ್ಲ. ನಾನು ಅಡುಗೆಯ ಕಡೆ ಓಡಿ ನಾಲ್ಕು ಅಗುಳು ಅನ್ನ ತಂದೆ. ಆಮಂತ್ರಣ ಪತ್ರಿಕೆಯನ್ನು ಎರಡಾಗಿ ಹರಿದು, ಎರಡೂ ಚೂರುಗಳ ಹಿಂಬದಿಯ ಖಾಲಿ ಜಾಗದಲ್ಲಿ ಎರಡು ಹೆಸರನ್ನೂ ದಪ್ಪಗೆ ಬರೆದು, ಎರಡೂ ಚಾರ್ಟ್‌ಗಳಿಗೆ ಅನ್ನದಿಂದಲೇ ಅಂಟಿಸಿದೆ. ಅಜ್ಜಿ ಹತ್ತಿರ ಹೋಗಿ ಓದಿ ನೋಡಿ, ಬೆರಳಿನಿಂದ ಒತ್ತಿ, ಆಮೇಲೆ ಊಟಕ್ಕೆ ನಡೆದರು.

ಮುಂದಿನ ಸಮಾವೇಶ ತೀರ್ಥಹಳ್ಳಿಯಲ್ಲಿದೆ. ನನ್ನ ಅತ್ತೆಯನ್ನು ತವರಿನಲ್ಲಿ ಏನೆಂದು ಕರೆಯುತ್ತಿದ್ದರೆಂದು ಕೇಳಿಟ್ಟುಕೊಂಡಿದ್ದೇನೆ. ಜಾಗ ಇಲ್ಲ ಎನ್ನುವವರು ಅಲ್ಲೂ ಇರುತ್ತಾರೆ, ಅನ್ನವೂ ಇರುತ್ತದೆ.