ಕೋಟಿನ ಲೈನಿಂಗಿನಲ್ಲಿದ್ದ ಏಳು ನೋಟು

ದರ್ಜಿ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಗುಂಡಿಯ ತೂತಿನ ಅಂಚಿಗೆ ದಾರ ಸುತ್ತುವ ಕಾಜಾ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸಂಬಳದಲ್ಲಿ ಉಳಿದದ್ದೆಲ್ಲ ಹಳೆಯ ಸೈನ್ಯದ ನೋಟುಗಳಿಗೆ ಹೋಗುತ್ತಿತ್ತು. ಪರದೇಶದಲ್ಲಿ ಬೀಡುಬಿಟ್ಟ ಸಿಪಾಯಿಗಳಿಗೆಂದೇ ಅಚ್ಚು ಹಾಕಿದ, ಶಿಬಿರದ ಬೇಲಿಯಾಚೆ ಕವಡೆ ಕಿಮ್ಮತ್ತೂ ಇಲ್ಲದ ನೋಟುಗಳು.

"ನಡೆಯೋ ನೋಟು ಕೊಟ್ಟು ನಡೆಯದ ನೋಟು ತರ್ತೀಯಲ್ಲ ತಾಯಿ! ನಿನ್ನಂಥ ಗಿರಾಕಿ ನನಗೆ ದಿನಕ್ಕೊಬ್ಬ ಸಿಕ್ಕಿದ್ರೆ ಸಾಕಿತ್ತು" ಎಂದು ಮಾಲೀಕ ನಗುತ್ತಿದ್ದ. ಎಲ್ಲರೂ ಅದನ್ನು ಹುಚ್ಚು ಎಂದುಕೊಂಡಿದ್ದರು. ಅದು ಹಗೆ.

ಅವಳ ಅಪ್ಪ ಸೈನ್ಯದಲ್ಲಿ ದರ್ಜಿಯಾಗಿದ್ದವನು. ಪರದೇಶದ ಶಿಬಿರದಲ್ಲಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಹಳೆಯ ನೋಟು ರದ್ದಾಯಿತು. ಸಂಜೆಯೊಳಗೆ ಹೊಸದಕ್ಕೆ ಬದಲಾಯಿಸಿಕೊಳ್ಳಬೇಕಿತ್ತು. ಅಪ್ಪ ಅಂದು ಜ್ವರದಲ್ಲಿ ಹಾಸಿಗೆ ಹಿಡಿದಿದ್ದ. ಕಳ್ಳರ ಭಯಕ್ಕೆ ಕೋಟಿನ ಲೈನಿಂಗಿಗೆ ಹೊಲಿದಿಟ್ಟಿದ್ದ ಏಳು ನೋಟು ಅಲ್ಲೇ ಉಳಿದವು. ಊರಿಗೆ ಮರಳಿದ ಮೇಲೆ ಅವನು ಸತ್ತ ವಾರಕ್ಕೆ ಚಿಕ್ಕಪ್ಪ ಮನೆಗೆ ಬಂದ. "ಅತ್ತಿಗೆ, ಇದೆಲ್ಲ ರದ್ದಿ. ನಾನೇ ಎಸೀತೀನಿ ಬಿಡಿ" ಎಂದು ಹೊಲಿಗೆ ಬಿಚ್ಚಿ ಒಯ್ದ. ತನ್ನ ಸಂಗ್ರಹಕ್ಕೆ ಸೇರಿಸಿದ, ರದ್ದಾಗಿ ಅಪರೂಪವಾಗಿದ್ದ ಆ ಏಳರಿಂದಲೇ ನೋಟು ಸಂಗ್ರಾಹಕರ ಸಂಘದಲ್ಲಿ ದೊಡ್ಡ ಮನುಷ್ಯನಾದ. ಅಮ್ಮ ಕೇಳಲು ಹೋದಾಗ ನಾಲ್ಕು ಜನರೆದುರು, "ಯಾವ ನೋಟು? ನಿಮ್ಮ ಗಂಡನಿಗೆಲ್ಲಿತ್ತು ಆ ಯೋಗ್ಯತೆ?" ಎಂದ. ಅಮ್ಮ ಆ ಮಾತನ್ನು ನುಂಗಿಕೊಂಡಳು. ಮಗಳು ನುಂಗಲಿಲ್ಲ.

ಮೂವತ್ತು ನೋಟು ಕೂಡಿಸಿದವರಿಗೆ ಮಾತ್ರ ಸಂಘದ ಸದಸ್ಯತ್ವ. ಸದಸ್ಯರು ಕೇಳಿದರೆ ಪ್ರದರ್ಶನದಲ್ಲಿ ಗಾಜು ತೆಗೆದು ನೋಟನ್ನು ತೋರಿಸಲೇಬೇಕು. ಮೂವತ್ತು ಕೂಡಿಸಲು ಅವಳಿಗೆ ಒಂಬತ್ತು ವರ್ಷ ಹಿಡಿಯಿತು.

ಪ್ರದರ್ಶನದ ಮೊದಲ ದಿನವೇ ಅವಳು ಚಿಕ್ಕಪ್ಪನ ಪೆಟ್ಟಿಗೆಯೆದುರು ನಿಂತಳು. ಆ ಏಳು ನೋಟಿನ ಕೆಳಗೆ 'ಸ್ವಂತ ಶೋಧ' ಎಂಬ ಚೀಟಿ ಇತ್ತು. ಸಂಘದ ಕಾರ್ಯದರ್ಶಿಯಾಗಿದ್ದ ಮುದಿ ಮೇಷ್ಟ್ರು ಗಾಜು ತೆಗೆದರು.

"ಏನಮ್ಮ, ಗುಂಡಿ ಹೊಲಿಯೋದು ಬಿಟ್ಟು ಇಲ್ಲಿಗೆ ಬಂದ್ಯಾ?" ಎಂದ ಚಿಕ್ಕಪ್ಪ.

"ಅಂಚಲ್ಲಿ ಈ ತೂತು ಯಾಕಿದೆ ಚಿಕ್ಕಪ್ಪ?"

"ಕಂತೆಗೆ ಪಿನ್ನು ಚುಚ್ಚಿದ್ದು. ಇಷ್ಟೂ ಗೊತ್ತಿಲ್ವಾ?"

"ಪಿನ್ನಿಗೆ ಎರಡು ತೂತು ಸಾಕು. ಇಲ್ಲಿ ಸುತ್ತ ನಲವತ್ತಾರಿವೆ."

ಅವಳು ಚೀಲದಿಂದ ಕೋಟು ತೆಗೆದು ಮೇಜಿನ ಮೇಲೆ ಹರಡಿದಳು. ಅಪ್ಪನದು ಮೂರು ಒತ್ತು ಹೊಲಿಗೆ, ಒಂದು ಬಿಡುವು. ಅದು ಅವನ ಕೈಗುಣ. ಮೇಷ್ಟ್ರು ಕನ್ನಡಕ ಏರಿಸಿ ನೋಟನ್ನು ಲೈನಿಂಗಿನ ಮೇಲಿಟ್ಟು, ಹೊಲಿಗೆ ಬಿಚ್ಚಿದ ಕಡೆಯಿಂದ ಒಳಗೆ ಟಾರ್ಚು ಹಿಡಿದರು. ತೂತಿನ ಮೇಲೆ ತೂತು ಕೂತು ಬೆಳಕು ಚುಕ್ಕೆ ಚುಕ್ಕೆಯಾಗಿ ಮೇಲೆ ಬಂತು. ಏಳಕ್ಕೆ ಏಳೂ ಹಾಗೆಯೇ.

ಚಿಕ್ಕಪ್ಪನ ಮುಖ ಬಿಳಿಚಿತು. "ಮನೆಗೆ ಬಾ ಪುಟ್ಟ, ಎಲ್ಲಾ ತಗೊಂಡು ಹೋಗು. ಇಲ್ಲಿ ಮಾತ್ರ ಬೇಡ" ಎಂದು ಪಿಸುಗುಟ್ಟಿದ.

"ನೋಟು ಇಲ್ಲೇ ಇರ್ಲಿ. ಚೀಟಿ ಬದಲಾಗ್ಲಿ. ನಿಮ್ಮ ಕೈಯಾರೆ ಬರೀರಿ."

ಬರೆಯದಿದ್ದರೆ ಸದಸ್ಯತ್ವ ಹೋಯಿತು ಎಂದು ಮೇಷ್ಟ್ರು ಖಾಲಿ ಚೀಟಿ, ಪೆನ್ನು ಮುಂದಿಟ್ಟರು. 'ನನ್ನ ಅಣ್ಣನ ಕೋಟಿನಿಂದ ಬಿಚ್ಚಿಕೊಂಡದ್ದು' ಎಂದು ಚಿಕ್ಕಪ್ಪ ಬರೆದ.

"ಅತ್ತಿಗೆಗೆ ಸುಳ್ಳು ಹೇಳಿ ಅಂತ ಸೇರಿಸಿ."

ಸೇರಿಸಿದ.

ಪ್ರದರ್ಶನ ಇನ್ನೂ ಮೂರು ದಿನವಿತ್ತು. ಪೆಟ್ಟಿಗೆ ಇಟ್ಟವರು ಅದರ ಪಕ್ಕ ಬಿಟ್ಟು ಕದಲಬಾರದೆಂಬುದು ಸಂಘದ ನಿಯಮ. ಕಾಜಾ ಅಕ್ಕ ಮೂರು ದಿನವೂ ರಜೆ ಹಾಕಿ, ಚಿಕ್ಕಪ್ಪನ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತಳು. ಯಾರಾದರೂ ಬಗ್ಗಿ ಚೀಟಿಯನ್ನು ಮೆಲ್ಲಗೆ ಓದತೊಡಗಿದರೆ, ವಿನಯದಿಂದ ಹೇಳುತ್ತಿದ್ದಳು:

"ಸ್ವಲ್ಪ ಜೋರಾಗಿ ಓದಿ. ನಮ್ಮ ಚಿಕ್ಕಪ್ಪನಿಗೆ ಕಿವಿ ಮಂದ."